ಮದ್ಯವಿಲ್ಲದ ಮೇಳ

ಹಗಲಿನ ದುಡಿಮೆ ಮುಗಿದ ಮೇಲೆ ನಾಲ್ಕು ಜನರ ನಡುವೆ ಕುಳಿತು ಹಾಡು ಕೇಳಬೇಕು, ಕುಣಿತ ನೋಡಬೇಕು, ನಕ್ಕು ಹಗುರಾಗಬೇಕು ಎಂಬ ಆಸೆಯು ಮನುಷ್ಯರಾದವರಿಗೆಲ್ಲ ಸಹಜವಾದುದು. ನಮ್ಮಲ್ಲಿ ಅದಕ್ಕೆ ಭಜನೆಯ ಮನೆಯುಂಟು, ಹರಿಕಥೆಯುಂಟು, ಜಾತ್ರೆಯುಂಟು, ಮದುವೆಯ ಚಪ್ಪರವುಂಟು. ಇವಾವುವೂ ಇಲ್ಲದ ದಿನ ಮನೆಯ ಜಗಲಿಯಾದರೂ ಉಂಟು. ಆದರೆ ಈ ಬಾಗಿಲುಗಳಲ್ಲಿ ಒಂದೂ ಯಾರ ಪಾಲಿಗೆ ತೆರೆದಿಲ್ಲವೋ ಅವರು ಸಂಜೆಯ ಹೊತ್ತು ಎಲ್ಲಿಗೆ ಹೋಗಬೇಕು? ಹೋದ ಒಂದೇ ಕಡೆಯಲ್ಲಿ ಮದ್ಯದ ಬಟ್ಟಲನ್ನು ಮುಂದಿಟ್ಟು, ಇದನ್ನು ಕೊಂಡು ಕುಡಿಯುವವರಿಗೆ ಮಾತ್ರ ಇಲ್ಲಿ ಜಾಗವೆಂದರೆ ಅವರು ಮಾಡಬೇಕಾದುದೇನು? ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು ಇದೇ. ವಿಷಯವು ಹೆಚ್ಚಾಗಿ ಅಮೆರಿಕಾ ದೇಶದ್ದು. ಆದರೆ ಅದರ ತಾತ್ಪರ್ಯವು ನಮ್ಮ ಮನೆಗಳ ಬಾಗಿಲಿನವರೆಗೂ ಬರುತ್ತದೆ.

ಯಾರ ಮಾತಿದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಂಡಸನ್ನು ಪ್ರೀತಿಸುವ ಗಂಡಸರು, ಹೆಂಗಸನ್ನು ಪ್ರೀತಿಸುವ ಹೆಂಗಸರು, ಹುಟ್ಟಿದಾಗ ಗಂಡೆಂದೋ ಹೆಣ್ಣೆಂದೋ ಹಿರಿಯರು ಹೇಳಿದ ಮಾತು ತಮ್ಮ ಅಂತರಂಗಕ್ಕೆ ಒಪ್ಪದೆ ಬೇರೆಯಾಗಿ ಬಾಳುವವರು, ಇವರೆಲ್ಲರನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಈಗ ಕ್ವಿಯರ್ ಜನರೆಂದು ಕರೆಯುವ ರೂಢಿಯಾಗಿದೆ. ಒಂದು ಕಾಲಕ್ಕೆ ಅದು ಬೈಗುಳವಾಗಿತ್ತು; ಬೈಸಿಕೊಂಡವರೇ ಅದನ್ನು ಎತ್ತಿಕೊಂಡು ತಮ್ಮ ಹೆಸರನ್ನಾಗಿ ಮಾಡಿಕೊಂಡರು. ಕನ್ನಡದಲ್ಲಿ ಲೈಂಗಿಕ ಅಲ್ಪಸಂಖ್ಯಾತರೆಂದು ಬರೆಯುವುದುಂಟು. ಹೆಸರು ಯಾವುದಾದರೂ ಆಗಲಿ, ಇವರು ಬೇರೆ ಲೋಕದಿಂದ ಇಳಿದು ಬಂದವರಲ್ಲ. ಯಾರದೋ ಮನೆಯ ಮಕ್ಕಳು, ಯಾರಿಗೋ ಅಣ್ಣ, ಯಾರಿಗೋ ಚಿಕ್ಕಮ್ಮ.

ಇವರ ರಾತ್ರಿಯ ಕೂಟಗಳಲ್ಲಿ ಬೆಳೆದು ಬಂದಿರುವ ಕಲೆಗೆ ಡ್ರ್ಯಾಗ್ ಎಂದು ಹೆಸರು. ಸಾಮಾನ್ಯವಾಗಿ ಗಂಡಸು ಹೆಣ್ಣಿನ ವೇಷವನ್ನೂ, ಕೆಲವೆಡೆ ಹೆಂಗಸು ಗಂಡಿನ ವೇಷವನ್ನೂ ಧರಿಸಿ, ಹಾಡಿ, ಕುಣಿದು, ಚತುರೋಕ್ತಿಗಳನ್ನಾಡಿ ಸಭೆಯನ್ನು ರಂಜಿಸುವುದೇ ಈ ಕಲೆ. ಯಕ್ಷಗಾನದ ಸ್ತ್ರೀವೇಷವನ್ನು ಬಲ್ಲ ನಮಗೆ, ಕಂಪೆನಿ ನಾಟಕಗಳಲ್ಲಿ ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲವನ್ನು ಹಿರಿಯರ ಬಾಯಿಂದ ಕೇಳಿದ ನಮಗೆ, ಇದು ತೀರ ಹೊಸತೆನಿಸಬೇಕಾಗಿಲ್ಲ. ಆದರೆ ಒಂದು ವ್ಯತ್ಯಾಸವುಂಟು. ದಮಯಂತಿಯ ವೇಷ ಕಟ್ಟಿದವನು ದಮಯಂತಿಯೇ ಆಗಿ ಕಾಣಬೇಕೆಂದು ನಾವು ಬಯಸುತ್ತೇವೆ. ಡ್ರ್ಯಾಗಿನಲ್ಲಿಯಾದರೋ ವೇಷವು ವೇಷವೆಂದು ಕಾಣುವುದರಲ್ಲಿಯೇ ಸ್ವಾರಸ್ಯ. ಗಂಡುತನ, ಹೆಣ್ತನ ಎಂದು ನಾವು ಕರೆಯುವುದರಲ್ಲಿ ಉಡುಪೆಷ್ಟು, ನಡಿಗೆಯೆಷ್ಟು, ಬರಿಯ ಅಭ್ಯಾಸವೆಷ್ಟು ಎಂಬುದನ್ನು ಅದು ನಗುನಗುತ್ತ ಕೇಳುತ್ತದೆ. ಇಲ್ಲಿ ಇನ್ನೊಂದು ಮಾತನ್ನೂ ತಿಳಿದಿರಬೇಕು: ವೇಷಗಾರನು ಬೆಳಗಾದರೆ ಬಣ್ಣ ತೊಳೆದುಕೊಳ್ಳುತ್ತಾನೆ, ಅಂತರಂಗದಿಂದಲೇ ಹೆಣ್ಣಾದವಳ ಬಾಳು ವೇಷವಲ್ಲ. ಇವೆರಡನ್ನೂ ಒಂದೆಂದು ಬಗೆಯುವುದು ಸರಿಯಲ್ಲ.

ಇಂಥ ಮೇಳಕ್ಕೆ ಮದ್ಯವು ಅವಶ್ಯವೇ? ಚರಿತ್ರೆಯನ್ನು ನೋಡಿದರೆ ಹಾಗೆ ಕಾಣುವುದಿಲ್ಲ. ನ್ಯೂಯಾರ್ಕ್ ಪಟ್ಟಣದಲ್ಲಿ ಕಪ್ಪು ಜನರು ಹೆಚ್ಚಾಗಿ ನೆಲೆಸಿದ ಹಾರ್ಲೆಮ್ ಎಂಬ ಭಾಗವುಂಟು. ಅಲ್ಲಿ ಹ್ಯಾಮಿಲ್ಟನ್ ಲಾಡ್ಜ್ ಎಂಬ ಪರಸ್ಪರ ಸಹಾಯ ಸಂಘವು 1869ರಿಂದಲೂ ವೇಷಧಾರಿಗಳ ನರ್ತನೋತ್ಸವವೊಂದನ್ನು ನಡೆಸುತ್ತ ಬಂದಿತ್ತು. ಅದು ಅತ್ಯಂತ ಪ್ರಸಿದ್ಧಿಗೆ ಬಂದುದು 1920ರ ದಶಕದಲ್ಲಿ. ಎಂದರೆ ಅಮೆರಿಕಾದಲ್ಲಿ ಪಾನನಿರೋಧವು ದೇಶದ ಸಂವಿಧಾನದ ಕಟ್ಟಳೆಯಾಗಿದ್ದ 1920ರಿಂದ 1933ರವರೆಗಿನ ಅವಧಿಯಲ್ಲಿ. ರಾಕ್‌ಲ್ಯಾಂಡ್ ಪ್ಯಾಲೆಸ್ ಎಂಬ ವಿಶಾಲವಾದ ಮಂದಿರದಲ್ಲಿ ವಾದ್ಯವೃಂದವು ನುಡಿಯುತ್ತಿರಲು, ಗರಿ ಮಣಿಗಳಿಂದ ಅಲಂಕೃತರಾದ ಗಂಡಸರು ರಾಣಿಯರಂತೆ ಮೆರವಣಿಗೆ ಬರುತ್ತಿದ್ದರು. ಉತ್ತಮ ಉಡುಪಿಗೆ ಬಹುಮಾನವಿತ್ತು. ಕಪ್ಪು ಜನರೂ ಬಿಳಿಯರೂ ಒಂದೇ ನೆಲದ ಮೇಲೆ ನೆರೆಯುತ್ತಿದ್ದರು. ಸಾವಿರಾರು ಮಂದಿ ನೋಡುವುದಕ್ಕಾಗಿಯೇ ಬರುತ್ತಿದ್ದರು. ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಪ್ರಸಿದ್ಧ ಕವಿಯು 1940ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಹಾರ್ಲೆಮಿನ ಈ ನೋಟವನ್ನು ವರ್ಣಿಸಿದ್ದಾನೆ. ಬಂದವರಲ್ಲಿ ಕೆಲವರು ಅಂಗಿಯ ಮರೆಯಲ್ಲಿ ಶೀಸೆಯನ್ನು ತಂದಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಮದ್ಯದ ಮಾರಾಟವೇ ಅಪರಾಧವಾಗಿದ್ದ ಕಾಲದಲ್ಲಿಯೂ ಮಂದಿರವು ತುಂಬುತ್ತಿದ್ದಿತೆಂಬುದು ಸಾಮಾನ್ಯವಾದ ಮಾತಲ್ಲ.

ಮದ್ಯಕ್ಕೂ ಈ ಜನರ ಕೂಟಕ್ಕೂ ಬಿಗಿಯಾದ ಗಂಟು ಬಿದ್ದುದು ಅನಂತರ. 1933ರಲ್ಲಿ ಪಾನನಿರೋಧವು ರದ್ದಾದ ಮೇಲೆ ನ್ಯೂಯಾರ್ಕ್ ಸಂಸ್ಥಾನದಲ್ಲಿ ಮದ್ಯದಂಗಡಿಗಳಿಗೆ ಲೈಸೆನ್ಸು ಕೊಡುವ ಅಧಿಕಾರ ಮಂಡಲಿಯೊಂದು ಏರ್ಪಟ್ಟಿತು. ಅಂಗಡಿಯು ಕ್ರಮಬದ್ಧವಾಗಿ ನಡೆಯಬೇಕೆಂಬುದು ಲೈಸೆನ್ಸಿನ ಷರತ್ತು. ಸಲಿಂಗಪ್ರೇಮಿಗಳು ಬಂದು ಕುಳಿತುದೇ ಕ್ರಮಭಂಗವೆಂದು ಅಧಿಕಾರಿಗಳು ಅದನ್ನು ವ್ಯಾಖ್ಯಾನಿಸುತ್ತಿದ್ದರು. ಮರ್ಯಾದಸ್ಥ ವ್ಯಾಪಾರಿಗೆ ಅವರನ್ನು ಒಳಕ್ಕೆ ಬಿಟ್ಟುಕೊಳ್ಳಲು ಭಯ. ಪೊಲೀಸರ ಕೈಬಿಸಿ ಮಾಡಬಲ್ಲ ಪುಂಡರಿಗೆ ಮಾತ್ರ ಭಯವಿಲ್ಲ. ಹೀಗಾಗಿ ಗುಡಿಯಲ್ಲಿ, ಸಂಘದಲ್ಲಿ, ತವರಿನಲ್ಲಿ ಎಲ್ಲಿಯೂ ಎಡೆಯಿಲ್ಲದವರ ಸಂಜೆಗಳು ಕಳ್ಳ ವ್ಯಾಪಾರದವರ ಕೈಗೆ ಸಿಕ್ಕಿದವು.

1966ನೆಯ ಇಸವಿ ಏಪ್ರಿಲ್ 21ರಂದು ಮ್ಯಾಟಚೀನ್ ಸೊಸೈಟಿ ಎಂಬ ಸಂಘದ ಕೆಲವರು ಪತ್ರಿಕೆಗಳವರನ್ನು ಜೊತೆಗೆ ಕರೆದುಕೊಂಡು ನ್ಯೂಯಾರ್ಕಿನ ಪಾನಗೃಹಗಳಿಗೆ ಹೋಗಿ, ತಾವು ಸಲಿಂಗಪ್ರೇಮಿಗಳು, ಸಭ್ಯರಾಗಿ ಕುಳ್ಳಿರುತ್ತೇವೆ, ತಮಗೆ ಪಾನೀಯ ಕೊಡಬೇಕು ಎಂದು ಕೇಳಿದರು. ಜೂಲಿಯಸ್ ಎಂಬ ಅಂಗಡಿಯಲ್ಲಿ ಬಡಿಸುವವನು ಲೋಟವನ್ನು ಮುಂದಿಟ್ಟಿದ್ದವನು, ಆ ಮಾತು ಕೇಳಿದೊಡನೆ ಅದರ ಬಾಯಿಗೆ ಅಂಗೈ ಮುಚ್ಚಿದನು. ಆ ಅಂಗೈಯ ಛಾಯಾಚಿತ್ರವು ಇಂದಿಗೂ ಉಳಿದಿದೆ. ಮೂರು ವರ್ಷಗಳ ತರುವಾಯ, 1969ನೆಯ ಇಸವಿ ಜೂನ್ 28ರ ನಸುಕಿನಲ್ಲಿ, ಕ್ರಿಸ್ಟೋಫರ್ ಬೀದಿಯ ಸ್ಟೋನ್‌ವಾಲ್ ಎಂಬ ಪಾನಗೃಹಕ್ಕೆ ಪೊಲೀಸರು ನುಗ್ಗಿದಾಗ ಒಳಗಿದ್ದವರು ತಿರುಗಿಬಿದ್ದರು. ಜಗತ್ತಿನ ಅನೇಕ ಊರುಗಳಲ್ಲಿ ಇಂದು ನಡೆಯುವ ಹೆಮ್ಮೆಯ ಮೆರವಣಿಗೆಗಳಿಗೆ ಆ ರಾತ್ರಿಯೇ ಮೂಲ. ಆದರೆ ಆ ಅಂಗಡಿಯ ಸ್ಥಿತಿ ಏನು? ಲೈಸೆನ್ಸು ಇರಲಿಲ್ಲ, ಒಡೆತನವು ಮಾಫಿಯಾ ಎಂಬ ಪಾತಕಿಗಳ ಕೂಟದ್ದು, ಮದ್ಯಕ್ಕೆ ನೀರು ಬೆರೆತಿರುತ್ತಿತ್ತು, ಲೋಟ ತೊಳೆಯಲು ನಲ್ಲಿಯ ನೀರು ಕೂಡ ಇರಲಿಲ್ಲ. ಅಂಥ ಕಡೆಗೆ ಜನರು ಮದ್ಯದ ರುಚಿಗಾಗಿ ಹೋಗುತ್ತಿದ್ದರೆಂದು ಯಾರೂ ಹೇಳಲಾರರು. ಇನ್ನೊಬ್ಬರ ಕೈಹಿಡಿದು ಕುಣಿಯಲು ಅಲ್ಲಿ ಒಂದಿಷ್ಟು ನೆಲ ದೊರೆಯುತ್ತಿತ್ತು.

ಪಾನಗೃಹಗಳನ್ನು ಬರಿದೆ ನಿಂದಿಸುವುದು ಕೃತಜ್ಞತೆಯಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದ ಬ್ಲ್ಯಾಕ್ ಕ್ಯಾಟ್ ಎಂಬ ಅಂಗಡಿಯಲ್ಲಿ ಹೋಸೆ ಸರಿಯಾ ಎಂಬಾತನು ಸ್ತ್ರೀವೇಷ ಧರಿಸಿ ಸಂಗೀತ ನಾಟಕಗಳ ಅಣಕವನ್ನು ಹಾಡುತ್ತಿದ್ದನು. ನಗಿಸಿದ ಬಾಯಿಂದಲೇ, ನಿಮ್ಮ ಹಕ್ಕನ್ನು ನೀವು ಕೇಳಿರೆಂದು ಸಭೆಗೆ ಬುದ್ಧಿ ಹೇಳುತ್ತಿದ್ದನು. 1961ರಲ್ಲಿ ಆತನು ಪಟ್ಟಣದ ಆಡಳಿತ ಸಭೆಯ ಚುನಾವಣೆಗೆ ನಿಂತು, ಗೆಲ್ಲದಿದ್ದರೂ ಐದು ಸಾವಿರಕ್ಕೂ ಹೆಚ್ಚು ಮತಗಳನ್ನು ಪಡೆದನು. ಸಲಿಂಗಪ್ರೇಮಿಗಳು ಬಂದು ಸೇರುತ್ತಾರೆಂಬ ಒಂದೇ ಕಾರಣದಿಂದ ಲೈಸೆನ್ಸನ್ನು ತಡೆಹಿಡಿಯಕೂಡದೆಂದು ಕ್ಯಾಲಿಫೋರ್ನಿಯಾದ ಶ್ರೇಷ್ಠ ನ್ಯಾಯಸ್ಥಾನವು 1951ರಲ್ಲಿ ತೀರ್ಪಿತ್ತುದು ಇದೇ ಅಂಗಡಿಯ ವ್ಯಾಜ್ಯದಲ್ಲಿ. ಮಳೆಯಲ್ಲಿ ನೆನೆಯುವವನಿಗೆ ಸೇಂದಿ ಅಂಗಡಿಯ ಸೂರೂ ಸೂರೇ. ಆದರೆ ಆ ಸೂರಿಗೆ ತೆರಬೇಕಾದ ಬಾಡಿಗೆ ಎಷ್ಟೆಂಬುದನ್ನೂ ಲೆಕ್ಕ ಹಾಕಬೇಡವೇ?

ಬಾಡಿಗೆಯು ಸಣ್ಣದಾಗಿರಲಿಲ್ಲ. ಅಮೆರಿಕಾದ ಆರೋಗ್ಯ ಸಮೀಕ್ಷೆಗಳಲ್ಲಿ ಈ ಜನರಲ್ಲಿ, ಅದರಲ್ಲಿಯೂ ಹೆಂಗಸರಲ್ಲಿ, ಮದ್ಯದಿಂದಾಗುವ ತೊಂದರೆಯು ಉಳಿದವರಿಗಿಂತ ಹೆಚ್ಚೆಂದು ಮತ್ತೆ ಮತ್ತೆ ಕಂಡುಬಂದಿದೆ. ಅವಮಾನ ಭಯಗಳನ್ನು ನುಂಗಿಕೊಂಡು ಬಾಳುವವನಿಗೆ ಸಮಾಧಾನದ ಸ್ಥಳವೊಂದೇ, ಅಲ್ಲಿ ಸಿಕ್ಕುವ ಔಷಧವೂ ಒಂದೇ ಎಂದಾದರೆ ಫಲವೇನಾಗುವುದೆಂದು ಬೇರೆ ಹೇಳಬೇಕಾಗಿಲ್ಲ. ಕುಡಿತದಿಂದ ಕೆಟ್ಟು, ಎಚ್ಚೆತ್ತು, ಇನ್ನು ಮುಟ್ಟೆನೆಂದು ಆಣೆಯಿಟ್ಟವನ ಪಾಡು ಇನ್ನೂ ಕಷ್ಟ. ಉಳಿದ ಕುಡುಕನು ಅಂಗಡಿಯನ್ನು ಬಿಟ್ಟರೆ ಮನೆಗೆ ಮರಳುತ್ತಾನೆ. ಮನೆಯವರು ಹೊರಹಾಕಿದ ಇವನು ಅಂಗಡಿಯನ್ನು ಬಿಟ್ಟರೆ ಗೆಳೆಯರನ್ನೂ ಹಾಡನ್ನೂ ತನ್ನವರೆಂಬ ಸಮಸ್ತರನ್ನೂ ಬಿಟ್ಟಂತೆಯೇ. ಜೀವವೋ ಜನವೋ ಎಂದು ಆರಿಸಿಕೊಳ್ಳಬೇಕಾದ ಇಕ್ಕಟ್ಟು ಇದು. ಎಳೆಯರ ಮಾತು ಬೇರೆ. ಆ ದೇಶದಲ್ಲಿ 1984ರ ಶಾಸನದ ತರುವಾಯ ಇಪ್ಪತ್ತೊಂದು ತುಂಬದವರಿಗೆ ಮದ್ಯ ಕೊಡುವಂತಿಲ್ಲವಾಗಿ, ಹದಿನೆಂಟರ ತರುಣನಿಗೆ ತನ್ನಂಥವರ ಮುಖ ನೋಡುವ ಬಾಗಿಲೇ ಬಹುಮಟ್ಟಿಗೆ ಮುಚ್ಚಿತು.

ಈ ಇಕ್ಕಟ್ಟನ್ನು ಬಿಡಿಸಲು ಯತ್ನಿಸಿದವರು ಹಲವರು. ಕಾಫಿಯ ಬಟ್ಟಲಿನ ಸುತ್ತಲೂ ಹೋರಾಟಗಳು ನಡೆದಿವೆ. 1965ರಲ್ಲಿ ಫಿಲಡೆಲ್ಫಿಯಾ ಪಟ್ಟಣದ ಡ್ಯೂಯೀಸ್ ಎಂಬ ಉಪಾಹಾರಗೃಹದವರು ಗಂಡೋ ಹೆಣ್ಣೋ ಎಂದು ಗೊತ್ತಾಗದ ಉಡುಪಿನ ತರುಣರಿಗೆ ತಿಂಡಿ ಕೊಡುವುದಿಲ್ಲವೆಂದಾಗ, ಅವರು ಅಲ್ಲಿಯೇ ಕುಳಿತು ಸತ್ಯಾಗ್ರಹ ಮಾಡಿದರು. ಮರುವರ್ಷದ ಆಗಸ್ಟಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾಂಪ್ಟನ್ಸ್ ಎಂಬ, ರಾತ್ರಿಯೆಲ್ಲ ತೆರೆದಿರುತ್ತಿದ್ದ ಉಪಾಹಾರಗೃಹದಲ್ಲಿ ಇನ್ನೊಂದು ಪ್ರಸಂಗವಾಯಿತು. ಪಾನಗೃಹಗಳವರೂ ಹತ್ತಿರ ಸೇರಿಸದ, ಹೆಣ್ಣಿನ ಉಡುಪಿನವರು ಅಲ್ಲಿ ಕಾಫಿ ಕುಡಿಯುತ್ತ ಬೆಳಗು ಮಾಡುತ್ತಿದ್ದರು. ಹಿಡಿದೆಳೆಯಲು ಬಂದ ಪೊಲೀಸಿನವನ ಮುಖಕ್ಕೆ ಅವರಲ್ಲೊಬ್ಬಳು ಕೈಯಲ್ಲಿದ್ದ ಕಾಫಿಯನ್ನೇ ಎರಚಿದಳು, ಗಲಭೆಯಾಯಿತು. ಸ್ಟೋನ್‌ವಾಲಿಗೆ ಮೂರು ವರ್ಷ ಹಿಂದಿನ ಮಾತಿದು.

ಕುಣಿತದ ವಿಷಯದಲ್ಲಿ ಹೊಸ ದಾರಿಯನ್ನು ತೋರಿಸಿದವನು ಡೇವಿಡ್ ಮಂಕೂಸೋ. ಅನಾಥಾಲಯದಲ್ಲಿ ಬೆಳೆದ ಈತನು 1970ನೆಯ ಇಸವಿ ಫೆಬ್ರವರಿ 14ರಂದು ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿದ್ದ ತನ್ನ ವಾಸದ ಮನೆಯಲ್ಲಿಯೇ ಒಂದು ಕೂಟವನ್ನು ಏರ್ಪಡಿಸಿದನು. ಅದು ವಾರವಾರವೂ ನಡೆಯತೊಡಗಿ ಲಾಫ್ಟ್ ಎಂದು ಹೆಸರಾಯಿತು. ಆಹ್ವಾನವಿದ್ದವರಿಗೆ ಪ್ರವೇಶ, ಬಾಗಿಲಲ್ಲಿ ಅಲ್ಪ ಶುಲ್ಕ, ಕೈಯಲ್ಲಿ ಹಣವಿಲ್ಲದವನು ಸಾಲದ ಚೀಟಿ ಬರೆದುಕೊಟ್ಟು ಬರಬಹುದಾಗಿತ್ತು. ಒಳಗೆ ಹಣ್ಣು, ಹಣ್ಣಿನ ರಸ, ತಿನಿಸು, ಬಣ್ಣದ ಬುಗ್ಗೆಗಳು, ಮತ್ತು ಅತ್ಯುತ್ತಮವಾದ ಯಂತ್ರಗಳಿಂದ ಹೊರಡುವ ಗ್ರಾಮಫೋನ್ ತಟ್ಟೆಗಳ ಸಂಗೀತ. ಮದ್ಯದ ಮಾರಾಟ ಮಾತ್ರವಿಲ್ಲ. ಇದರಲ್ಲಿ ಒಂದು ಜಾಣತನವೂ ಇತ್ತು. ಅನ್ನಪಾನಗಳನ್ನು ಮಾರುವ ನೃತ್ಯಶಾಲೆಗಳಿಗೆ ಲೈಸೆನ್ಸು ಬೇಕು. ಏನನ್ನೂ ಮಾರದವನಿಗೆ ಅದು ಬೇಕಾಗಿಲ್ಲವೆಂದು ನಗರದ ಅಧಿಕಾರಿಗಳೇ ವಿಚಾರಣೆ ನಡೆಸಿ 1975ರಲ್ಲಿ ಒಪ್ಪಿಕೊಂಡರು. ಯಾವ ಲೈಸೆನ್ಸಿನ ಕುಣಿಕೆಯಿಂದ ಈ ಜನರನ್ನು ಹಿಡಿಯುತ್ತಿದ್ದರೋ ಆ ಕುಣಿಕೆಯು ಬಟ್ಟಲನ್ನು ಕೆಳಗಿಟ್ಟೊಡನೆ ತಾನಾಗಿ ಸಡಿಲಿತು.

ಇದೇ ಮಾದರಿಯು ದೊಡ್ಡದಾಗಿ ಬೆಳೆದುದು ಪ್ಯಾರಡೈಸ್ ಗ್ಯಾರೇಜಿನಲ್ಲಿ. ಕಿಂಗ್ ಬೀದಿಯ 84ನೆಯ ನಂಬರಿನ ಕಟ್ಟಡವು ಮೊದಲು ಮೋಟಾರು ಬಂಡಿಗಳನ್ನು ನಿಲ್ಲಿಸುವ ಸ್ಥಳ. 1977ರಿಂದ 1987ರವರೆಗೆ ಹತ್ತು ವರ್ಷ ಅದು ನೃತ್ಯಶಾಲೆಯಾಗಿತ್ತು. ಸದಸ್ಯರಲ್ಲಿ ಬಹುಮಂದಿ ಕಪ್ಪು ಜನರೂ ಸ್ಪ್ಯಾನಿಷ್ ಮಾತಿನ ಮನೆಗಳವರೂ ಆದ ಸಲಿಂಗಪ್ರೇಮಿಗಳು. ಮದ್ಯ ಮಾರದ ಕಾರಣ ಪಾನಗೃಹಗಳ ಮುಚ್ಚುವ ವೇಳೆಯು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಸೂರ್ಯನು ಮೇಲೇರುವವರೆಗೂ ಕುಣಿತ ಸಾಗುತ್ತಿತ್ತು. ಲ್ಯಾರಿ ಲೆವನ್ ಎಂಬಾತನು ತಟ್ಟೆಗಳನ್ನು ಹೊಂದಿಸಿ ನುಡಿಸುತ್ತಿದ್ದನು; ಗ್ರೇಸ್ ಜೋನ್ಸ್, ಲೊಲೀಟಾ ಹಾಲೊವೇ ಮೊದಲಾದ ಗಾಯಕಿಯರು ಅಲ್ಲಿಯ ವೇದಿಕೆಯ ಮೇಲೆ ಪ್ರತ್ಯಕ್ಷವಾಗಿ ನಿಂತು ಹಾಡಿದರು. ಏಡ್ಸ್ ಎಂಬ ವ್ಯಾಧಿಗೆ ಇನ್ನೂ ಹೆಸರು ಕೂಡ ನೆಲೆಯಾಗಿರದ 1982ರಲ್ಲಿ, ರೋಗಿಗಳ ಶುಶ್ರೂಷೆಗೆಂದು ಅದೇ ತಾನೇ ಹುಟ್ಟಿದ ಸಂಘದ ಸಹಾಯಾರ್ಥವಾಗಿ ಕೂಟವೊಂದು ನಡೆದುದೂ ಇಲ್ಲಿಯೇ. ಆ ವ್ಯಾಧಿಯಿಂದಲೇ ಶಾಲೆಯ ಒಡೆಯನಾದ ಮೈಕೇಲ್ ಬ್ರೋಡಿಯು 1987ರಲ್ಲಿ ತೀರಿಕೊಂಡನು. ಮದ್ಯವಿಲ್ಲವೆಂದ ಮಾತ್ರಕ್ಕೆ ಇಂಥ ಕಡೆಗಳಲ್ಲಿ ಬೇರೆ ಮಾದಕ ವಸ್ತುಗಳು ಸುಳಿಯುತ್ತಿರಲಿಲ್ಲವೆಂದು ಹೇಳಿದರೆ ಅದು ಸತ್ಯವಲ್ಲ, ಸುಳಿಯುತ್ತಿದ್ದವು. ಗುಣವನ್ನು ಹೇಳುವಾಗ ದೋಷವನ್ನು ಮರೆಮಾಡುವುದು ನಮಗೆ ಸಮ್ಮತವಲ್ಲ.

ಸಂಪೂರ್ಣವಾಗಿ ನಿರ್ಮದ್ಯವೇ ತಮ್ಮ ನಿಯಮವೆಂದು ನಡೆದವರೂ ಇದ್ದಾರೆ. ಶಿಕಾಗೋ ಪಟ್ಟಣದಲ್ಲಿ 1974ರಿಂದ 2005ರವರೆಗೆ ಮೌಂಟನ್ ಮೂವಿಂಗ್ ಎಂಬ ಹೆಂಗಸರ ಕಾಫಿ ಕೂಟವು ಚರ್ಚುಗಳ ಕೊಠಡಿಗಳನ್ನು ಬಾಡಿಗೆಗೆ ಹಿಡಿದು ಸಂಗೀತದ ಸಂಜೆಗಳನ್ನು ನಡೆಸಿತು. ಅಲ್ಲಿ ಯಾರು ಹೆಂಗಸು, ಯಾರಿಗೆ ಪ್ರವೇಶ ಎಂಬ ವಿಷಯದಲ್ಲಿ ಕಹಿಯಾದ ವಾದಗಳೂ ಆದವು. ಹೊರಗಿಡಲ್ಪಟ್ಟವರೂ ತಮ್ಮ ಸರದಿ ಬಂದಾಗ ಇನ್ನೊಬ್ಬರನ್ನು ಹೊರಗಿಡಬಲ್ಲರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1983ರಲ್ಲಿ ಕ್ಯಾಸ್ಟ್ರೋ ಕಂಟ್ರಿ ಕ್ಲಬ್ ಎಂಬುದು, ಕುಡಿತವನ್ನು ಬಿಟ್ಟವರು ಸೇರಿ ಕಾಫಿ ಕುಡಿದು ಹರಟುವ ಮನೆಯಾಗಿ ಪ್ರಾರಂಭವಾಯಿತು. ಪಾನಗೃಹಗಳಿಂದ ಕಿಕ್ಕಿರಿದ ಕೇರಿಯ ನಡುವೆ ಅದರ ಮೆಟ್ಟಿಲುಗಳು ನಮ್ಮ ಜಗಲಿಯ ಕೆಲಸವನ್ನು ಮಾಡುತ್ತವೆ. ಈಚೆಗೆ ಲಂಡನ್ನಿನಲ್ಲಿ ಹುಟ್ಟಿದ ಇಂಥ ಒಂದು ಕೂಟಕ್ಕೆ ಕ್ವಿಯರ್ಸ್ ವಿದೌಟ್ ಬಿಯರ್ಸ್, ಎಂದರೆ ಬಿಯರಿಲ್ಲದ ಕ್ವಿಯರ್ ಜನರು, ಎಂದೇ ಹೆಸರು.

ಗೃಹಸ್ಥರಾದ ನಮ್ಮ ವಾಚಕರು ಒಂದು ವ್ಯವಹಾರದ ಪ್ರಶ್ನೆಯನ್ನು ಕೇಳಬಹುದು: ಮದ್ಯ ಮಾರದೆ ಖರ್ಚು ಹುಟ್ಟುವುದೆಂತು? ಪ್ರಶ್ನೆಯು ಸರಿಯಾದುದೇ. ಪಾನಗೃಹದಲ್ಲಿ ಹಾಡುವವರ ಸಂಭಾವನೆಯೂ ವೇಷಧಾರಿಯ ಸಂಬಳವೂ ದೀಪದ ಎಣ್ಣೆಯೂ ಬಟ್ಟಲಿನ ಲಾಭದಿಂದಲೇ ಬರುತ್ತವೆ. ಆದಕಾರಣ ಕಲಾವಿದನ ಯೋಗ್ಯತೆಯನ್ನು ಆ ರಾತ್ರಿ ಎಷ್ಟು ಶೀಸೆ ಖರ್ಚಾಯಿತೆಂಬುದರಿಂದ ಅಳೆಯುತ್ತಾರೆ. ನಿಂಬೆಯ ಪಾನಕದಿಂದ ಅಷ್ಟು ಲಾಭವಿಲ್ಲ. ಆದುದರಿಂದ ಇಂಥ ಕೂಟಗಳು ಬಾಗಿಲಿನ ಟಿಕೆಟ್ಟನ್ನೋ ಸದಸ್ಯತ್ವದ ವಂತಿಗೆಯನ್ನೋ ನೆಚ್ಚಬೇಕು. ಅಗ್ಗದ ಸಭಾಮಂದಿರವನ್ನು ಹುಡುಕಬೇಕು. ಕೆಲಸವನ್ನು ತಾವೇ ಹಂಚಿಕೊಳ್ಳಬೇಕು. ಅನೇಕ ಕೂಟಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಗಲು ಕಾರಣ ಜನರಿಲ್ಲದ್ದಲ್ಲ, ಬಾಡಿಗೆ. ಆದರೆ ಟಿಕೆಟ್ಟು ಕೊಂಡು ಬಂದವನು ಹಾಡನ್ನು ಕೇಳಲೆಂದೇ ಬಂದಿರುತ್ತಾನೆ. ಅಂಥ ಸಭೆಯ ಮುಂದೆ ಹಾಡುವವನಿಗೆ ಅದಕ್ಕಿಂತ ಗೌರವವುಂಟೆ?

ನಮ್ಮ ನಾಡಿನ ಮಾತಿಗೆ ಬರೋಣ. ಬೆಂಗಳೂರಿನಲ್ಲಿಯೂ ಈಚೆಗೆ ಡ್ರ್ಯಾಗ್ ಪ್ರದರ್ಶನಗಳು ನಡೆಯುತ್ತಿವೆ. ಅವುಗಳಲ್ಲಿ ಹಲವು ಹೋಟೆಲು ಪಬ್ಬುಗಳಲ್ಲಿಯೇ. ಆದರೆ ಅದೇ ಊರಿನಲ್ಲಿ 1994ರಲ್ಲಿಯೇ ಗುಡ್ ಆ್ಯಸ್ ಯೂ ಎಂಬ ಬಳಗವು ಹುಟ್ಟಿ, ಬರಿಯ ಮಾತುಕತೆಗಾಗಿ ವಾರವಾರವೂ ಸೇರುತ್ತ ಬಂದಿತು. 2008ರಲ್ಲಿ ಮೊದಲ ಹೆಮ್ಮೆಯ ಮೆರವಣಿಗೆಯು ಹಗಲು ಬೆಳಕಿನಲ್ಲಿ ಬೀದಿಗಿಳಿಯಿತು. 2018ನೆಯ ಇಸವಿ ಸೆಪ್ಟೆಂಬರ್ 6ರಂದು, ಪ್ರಾಯಕ್ಕೆ ಬಂದವರ ಪರಸ್ಪರ ಸಮ್ಮತಿಯ ಪ್ರೇಮವು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಅದಕ್ಕೂ ಬಹು ಹಿಂದಿನಿಂದ ನಮ್ಮ ಜೋಗಪ್ಪ ಜೋಗತಿಯರು ಚೌಡಿಕೆಯ ನಾದದೊಡನೆ ಎಲ್ಲಮ್ಮನ ಪದಗಳನ್ನು ಹಾಡಿ, ಕೊಡವನ್ನು ತಲೆಯ ಮೇಲಿಟ್ಟು ಕುಣಿಯುತ್ತ ಬಂದಿದ್ದಾರೆ. ಅವರಲ್ಲೊಬ್ಬರಾದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಪಡೆದರು. ಅವರ ಕುಣಿತವು ಡ್ರ್ಯಾಗ್ ಅಲ್ಲ. ಅದು ಬೇರೆಯೇ ಪರಂಪರೆ, ಅದರಲ್ಲಿ ಭಕ್ತಿಯುಂಟು, ಬಡತನದ ಕಷ್ಟವೂ ಉಂಟು. ಆದರೂ ಹೆಣ್ಣು ಗಂಡೆಂಬ ಗೆರೆಗೆ ಸಿಕ್ಕದವರ ಹಾಡನ್ನು ಊರ ನಡುವೆ, ಮಕ್ಕಳು ಮರಿಗಳೊಡನೆ ಕುಳಿತು ಕೇಳುವುದು ಕನ್ನಡಿಗರಿಗೆ ಅಪರಿಚಿತವಲ್ಲವೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲವನ್ನೂ ಹೇಳಿದುದರ ತಾತ್ಪರ್ಯವೇನೆಂದರೆ, ಜನರು ಹುಡುಕಿಕೊಂಡು ಹೋದುದು ಜೊತೆಯನ್ನು. ಮದ್ಯವು ಬಾಗಿಲಲ್ಲಿ ಕುಳಿತ ಸುಂಕದವನು. ಬೇರೆ ಬಾಗಿಲು ತೆರೆದಾಗಲೆಲ್ಲ ಅವರು ಅದರ ಮೂಲಕ ಬಂದಿದ್ದಾರೆ. ನ್ಯೂಯಾರ್ಕಿನಲ್ಲಿ ಬಾಗಿಲು ತೆರೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಹಾರ್ಲೆಮಿನ ವೇಷಗಾರರು 1970ರ ದಶಕದಲ್ಲಿ ಕಟ್ಟಿಕೊಂಡ ಬಳಗಗಳಿಗೆ ಹೌಸ್, ಅಂದರೆ ಮನೆ, ಎಂದು ಹೆಸರಿಟ್ಟು, ಅದರ ಹಿರಿಯಳನ್ನು ತಾಯಿಯೆಂದೂ ಕಿರಿಯರನ್ನು ಮಕ್ಕಳೆಂದೂ ಕರೆದರೆಂಬುದನ್ನು ನಾವು ಮರೆಯಬಾರದು. 1972ರಲ್ಲಿ ಕ್ರಿಸ್ಟಲ್ ಲಾಬೇಜಾ ಕಟ್ಟಿದ ಮನೆಯು ಇವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಹೆತ್ತ ಮನೆಯಲ್ಲಿ ದೊರೆಯದೆ ಹೋದುದನ್ನು ಅವರು ಅದೇ ಹೆಸರಿನಿಂದ ಬೇರೆ ಕಡೆ ಕಟ್ಟಿಕೊಳ್ಳಬೇಕಾಯಿತು.

ಮನೆಯ ಹುಡುಗನೋ ಹುಡುಗಿಯೋ ರಾತ್ರಿ ತಡವಾಗಿ ಬಂದರೆ ನಾವು ಮೊದಲು ಕೇಳುವುದು, ಎಲ್ಲಿಗೆ ಹೋಗಿದ್ದೆ ಎಂದು. ಕೇಳುವ ಹಕ್ಕು ಹಿರಿಯರಿಗೆ ಇದ್ದೇ ಇದೆ. ಆದರೆ ನಿಜವನ್ನು ಹೇಳಿದ ಮೇಲೆಯೂ ಆ ಮಗುವಿಗೆ ಎಲೆ ಹಾಕುವರೆಂಬ ನಂಬಿಕೆ ಇದ್ದಲ್ಲಿ ಮಾತ್ರ ನಿಜವಾದ ಉತ್ತರ ಬರುತ್ತದೆ. ಮಗನ ಗೆಳೆಯನೊಬ್ಬನು ಚೆನ್ನಾಗಿ ಹಾಡುವನಾದರೆ, ಶನಿವಾರ ಸಂಜೆ ನಾಲ್ವರನ್ನು ಕರೆದುಕೊಂಡು ಬಾ, ಕೇಳೋಣ ಎಂದು ಹೇಳಲು ಹೆಚ್ಚು ಖರ್ಚಿಲ್ಲ. ಒಂದು ಹಾರ್ಮೋನಿಯಂ, ಒಂದು ತಟ್ಟೆ ಅವಲಕ್ಕಿ, ತಂಬಿಗೆಯ ತುಂಬ ಕಾಫಿ ಇದ್ದರೆ ಸಾಕು. ಅವರು ಉಟ್ಟು ಬಂದ ಬಟ್ಟೆಯ ವಿಚಾರವನ್ನು ಆ ಸಂಜೆಯ ಮಟ್ಟಿಗಾದರೂ ಎತ್ತದಿರೋಣ.